ನಕ್ಷತ್ರಕ್ಕೇ ಜಾತಕ ಬರೆಯೋದು ಹೇಗೆ?

"ನಿಮ್ಮ ನಕ್ಷತ್ರ ಯಾವುದು?" ಮದುವೆ ಮಾತು ಬಂದ ಮನೆಯಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ಮ್ಯಾಟ್ರಿಮೋನಿ ಆ್ಯಪ್‌ನಲ್ಲೂ ಸಂಬಳದ ಕಾಲಂ ಪಕ್ಕದಲ್ಲೇ ಅದಕ್ಕೊಂದು ಜಾಗ ಇದೆ. ರೋಹಿಣಿ, ಆರಿದ್ರಾ, ಚಿತ್ತಾ, ಸ್ವಾತಿ ಅಂತ ನಾವೂ ತುಂಬಿರ್ತೀವಿ. ನಕ್ಷತ್ರ ನೋಡಿ ನಮ್ಮ ಜಾತಕ ಬರೆಯೋರು ಬೀದಿಗೊಬ್ಬರು ಸಿಗ್ತಾರೆ. ಆದರೆ ಆ ನಕ್ಷತ್ರದ್ದೇ ಜಾತಕ ಬರೀಬೇಕು ಅಂದ್ರೆ? ಅದರ ಬಿಸಿ ಎಷ್ಟು, ಗಾತ್ರ ಎಷ್ಟು, ಒಡಲಲ್ಲಿ ಏನೇನಿದೆ, ವಯಸ್ಸೆಷ್ಟು?

ಆ ಕೆಲಸ ನಡೆಯೋ ಒಂದು ಜಾಗ ನಮ್ಮ ಪೂರ್ವ ಬೆಂಗಳೂರಿನ ದಾರಿಯಲ್ಲೇ ಇದೆ. ಹಲಸೂರಿನಿಂದ ಹಳೇ ಮದ್ರಾಸ್ ರಸ್ತೆ ಹಿಡಿದು, ಇಂದಿರಾನಗರ, ಬೈಯಪ್ಪನಹಳ್ಳಿ ದಾಟಿ, ಟಿನ್ ಫ್ಯಾಕ್ಟರಿ ಟ್ರಾಫಿಕ್‌ನಲ್ಲಿ ಸಾಕಾಗಿ, ಕೆ.ಆರ್. ಪುರದ ತೂಗುಸೇತುವೆ ಹತ್ತಿಳಿದು ನೇರ ಹೋದರೆ ಹೊಸಕೋಟೆ. ನಮ್ಮಲ್ಲಿ ಬಹಳ ಜನಕ್ಕೆ ಹೊಸಕೋಟೆ ಅಂದ್ರೆ ಬೆಳಗಿನ ಜಾವದ ದಮ್ ಬಿರಿಯಾನಿ. ಅದೇ ಊರಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ, ಅಂದರೆ ಕೋರಮಂಗಲದ ಐಐಎಯ, 'ಕ್ರೆಸ್ಟ್' ಅನ್ನೋ ಕ್ಯಾಂಪಸ್ ಇದೆ. ಬಿರಿಯಾನಿಗೆ ಕ್ಯೂ ನಿಲ್ಲೋ ಹೊತ್ತಿಗೆ ಅಲ್ಲಿ ಕೆಲವರ ರಾತ್ರಿ ಪಾಳಿ ಮುಗಿಯುತ್ತಿರುತ್ತೆ.

ಅವರು ನಡೆಸೋದು ಹೊಸಕೋಟೆಯ ದೂರದರ್ಶಕವನ್ನಲ್ಲ, ಲಡಾಖ್‌ನ ಹಾನ್ಲೆಯಲ್ಲಿರೋದನ್ನ. ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ, 2 ಮೀಟರ್ ಅಗಲದ ಕನ್ನಡಿ ಇರುವ 'ಹಿಮಾಲಯನ್ ಚಂದ್ರ ಟೆಲಿಸ್ಕೋಪ್' ಕೂತಿದೆ. 2000ನೇ ಇಸವಿಯಲ್ಲಿ ಅದು ಮೊದಲ ಬೆಳಕು ಕಂಡಿತು. ಉಪಗ್ರಹ ಸಂಪರ್ಕದ ಮೂಲಕ ಅದನ್ನು ತಿರುಗಿಸೋದು, ಚಿತ್ರ ತೆಗೆಯೋದು ಎಲ್ಲ ಹೊಸಕೋಟೆಯಿಂದಲೇ. ನಮಗೆ ವರ್ಕ್ ಫ್ರಂ ಹೋಮ್ ಬಂದದ್ದು 2020ರಲ್ಲಿ. ಇವರದ್ದು ಅದಕ್ಕೂ ಎಷ್ಟೋ ವರ್ಷ ಮುಂಚಿನಿಂದ ನಡೆದಿದೆ.

ಇವತ್ತಿನ ಅಂಕಣ ಈ ಜಾತಕ ಬರೆಯೋ ವಿದ್ಯೆಯ ಬಗ್ಗೆ. ಈಗ ಅದರಲ್ಲಿ ಮಷೀನ್ ಲರ್ನಿಂಗ್ ಕೂಡ ಸೇರಿಕೊಂಡಿದೆ. ಅದೂ ಬೇರೆ ಯಾವುದೋ ಲೋಕದ್ದಲ್ಲ, ನಾವು ಆಫೀಸಲ್ಲಿ ದಿನಾ ಇಂಪೋರ್ಟ್ ಮಾಡ್ಕೊಳ್ಳೋ ಲೈಬ್ರರಿಗಳೇ.

ಎರಡು ದಾರಿ: ರೋಹಿತ ಮತ್ತು ಫೋಟೋ

ನಕ್ಷತ್ರದಿಂದ ನಮಗೆ ಬರೋದು ಬೆಳಕು ಮಾತ್ರ. ಆ ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿ ಹರಡಿದರೆ ಅದು ರೋಹಿತ. ಅದರ ಮಧ್ಯೆ ಅಲ್ಲಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಕಬ್ಬಿಣದ ಗೆರೆ ಒಂದು ಕಡೆ, ಕ್ಯಾಲ್ಸಿಯಂ ಗೆರೆ ಇನ್ನೊಂದು ಕಡೆ, ಹೈಡ್ರೋಜನ್ ಗೆರೆ ಮತ್ತೊಂದು ಕಡೆ. ಯಾವ ಗೆರೆ ಎಷ್ಟು ದಟ್ಟವಾಗಿದೆ ಅನ್ನೋದಕ್ಕೂ ನಕ್ಷತ್ರದ ಬಿಸಿಗೂ ಇರುವ ಲೆಕ್ಕವನ್ನು 1920ರಲ್ಲಿ ಬಿಡಿಸಿಕೊಟ್ಟವರು ಮೇಘನಾದ ಸಹಾ. ಇವತ್ತಿಗೂ ಆ ಸಮೀಕರಣ ಇಲ್ಲದೆ ಈ ಕೆಲಸ ಸಾಗಲ್ಲ.

ಹಾನ್ಲೆಯ ದೂರದರ್ಶಕಕ್ಕೆ ಜೋಡಿಸಿರುವ 'ಹೆಸ್ಪ್' ಅನ್ನೋ ಉಪಕರಣ ಇಂಥ ರೋಹಿತವನ್ನು ತುಂಬಾ ನುಣ್ಣಗೆ ಬಿಡಿಸುತ್ತೆ. ಅದರ ಸ್ಪಷ್ಟತೆ 60,000ದವರೆಗೆ ಹೋಗುತ್ತೆ. ಅಂದರೆ 6,000 ಆಂಗ್‌ಸ್ಟ್ರಾಂ ತರಂಗಾಂತರದ ಬೆಳಕಿನಲ್ಲಿ 0.1 ಆಂಗ್‌ಸ್ಟ್ರಾಂನಷ್ಟು ಸಣ್ಣ ವ್ಯತ್ಯಾಸವನ್ನೂ ಗುರುತಿಸಬಹುದು. ತೊಂದರೆ ಏನು ಗೊತ್ತಾ? ಬೆಳಕನ್ನು ಅಷ್ಟೊಂದು ಚೂರು ಮಾಡಿದ ಮೇಲೆ ಒಂದೊಂದು ಚೂರಿಗೆ ಸಿಗೋದು ಚಿಟಿಕೆಯಷ್ಟು. ಒಂದು ಮಂಕು ನಕ್ಷತ್ರಕ್ಕಾಗಿ ದೂರದರ್ಶಕ ಗಂಟೆಗಟ್ಟಲೆ ಒಂದೇ ಕಡೆ ನೋಡ್ತಾ ಕೂರಬೇಕು.

ಇನ್ನೊಂದು ದಾರಿ ಅಗ್ಗದ್ದು. ದೂರದರ್ಶಕದ ಮುಂದೆ ನೀಲಿ ಫಿಲ್ಟರ್ ಇಟ್ಟು ಒಂದು ಫೋಟೋ, ಹಸಿರು ಇಟ್ಟು ಒಂದು, ಕೆಂಪು ಇಟ್ಟು ಒಂದು. ಒಂದೊಂದು ಫೋಟೋದಲ್ಲೂ ಸಾವಿರಾರು ನಕ್ಷತ್ರ. ಯಾವ ಫಿಲ್ಟರ್‌ನಲ್ಲಿ ಎಷ್ಟು ಹೊಳಪು ಅಂತ ಬರೆದುಕೊಂಡರೆ ಆಯ್ತು. ಇದಕ್ಕೆ ಫೋಟೋಮೆಟ್ರಿ ಅಂತಾರೆ. ನೀಲಿ ಹೆಚ್ಚಿದ್ದರೆ ಬಿಸಿ, ಕೆಂಪು ಹೆಚ್ಚಿದ್ದರೆ ತಂಪು. ಒಲೆ ಮೇಲೆ ಬರೆ ಹಾಕೋ ಕಬ್ಬಿಣ ಕಾಯಿಸಿದವರಿಗೆ, ಕಮ್ಮಾರನಿಗೆ, ಈ ಪಾಠ ಹೇಳಬೇಕಾಗಿಲ್ಲ. ಕೆಂಪಗಿರುವ ಆರಿದ್ರಾ ಸುಮಾರು 3,600 ಕೆಲ್ವಿನ್, ನಮ್ಮ ಸೂರ್ಯ 5,772, ನೀಲಿ ಬಿಳುಪಿನ ಚಿತ್ತಾ ಸುಮಾರು 25,000.

ಈಗ ಲೆಕ್ಕ ನೋಡಿ. ಯುರೋಪಿನ ಗಯಾ ಉಪಗ್ರಹ 2022ರ ಜೂನ್‌ನಲ್ಲಿ ಹೊರಬಿಟ್ಟ ಪಟ್ಟಿಯಲ್ಲಿ ಸುಮಾರು 180 ಕೋಟಿ ಚುಕ್ಕಿಗಳಿವೆ. ಒಳ್ಳೆ ಗುಣಮಟ್ಟದ ರೋಹಿತ ತೆಗೆದ ದೊಡ್ಡ ಸಮೀಕ್ಷೆಗಳಲ್ಲೊಂದಾದ ಅಪೋಜಿಯ ಕೊನೆಯ ಪಟ್ಟಿಯಲ್ಲಿ ಇರೋದು ಸುಮಾರು ಆರೂವರೆ ಲಕ್ಷ ನಕ್ಷತ್ರ. ಚಿಲಿಯಲ್ಲಿ 2025ರ ಜೂನ್‌ನಲ್ಲಿ ಮೊದಲ ಚಿತ್ರ ತೋರಿಸಿದ ರೂಬಿನ್ ವೀಕ್ಷಣಾಲಯ ಹತ್ತು ವರ್ಷದಲ್ಲಿ ಆರು ಫಿಲ್ಟರ್‌ಗಳಲ್ಲಿ ಸುಮಾರು 1,700 ಕೋಟಿ ನಕ್ಷತ್ರಗಳ ಫೋಟೋ ತೆಗೆಯುವ ಅಂದಾಜಿದೆ. ಇಷ್ಟಕ್ಕೂ ಕೂತು ರೋಹಿತ ತೆಗೀತೀವಿ ಅಂದ್ರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ. ಈ ಕಂದರಕ್ಕೆ ಸೇತುವೆ ಕಟ್ಟೋಕೆ ಮಷೀನ್ ಲರ್ನಿಂಗ್ ಬಂತು.

ಗೊತ್ತಿರೋದರಿಂದ ಗೊತ್ತಿಲ್ಲದ್ದಕ್ಕೆ

ಉಪಾಯ ಹಳೆಯದೇ. ಐಐಎಯನ್ನು ಕಟ್ಟಿದ ವೈನು ಬಪ್ಪು ಅವರು ಅಮೆರಿಕದ ಓಲಿನ್ ವಿಲ್ಸನ್ ಜೊತೆ ಸೇರಿ 1957ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. 185 ತಂಪು ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಂನ ಒಂದು ಗೆರೆಯ ಅಗಲ ಅಳೆದರು. ಗೆರೆ ಅಗಲವಾದಷ್ಟೂ ನಕ್ಷತ್ರದ ನಿಜವಾದ ಹೊಳಪು ಹೆಚ್ಚು ಅಂತ ಕಂಡಿತು. ಹೊಳಪು ಗೊತ್ತಿರುವ ನಕ್ಷತ್ರಗಳಿಂದ ಒಂದು ಗೆರೆ ಎಳೆದುಕೊಂಡರೆ, ಗೊತ್ತಿಲ್ಲದ ನಕ್ಷತ್ರದ ಹೊಳಪನ್ನು ಅದರ ಮೇಲೆ ಓದಿಕೊಳ್ಳಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ 185 ಸಾಲಿನ ಟ್ರೇನಿಂಗ್ ಡೇಟಾ, ಒಂದು ಫೀಚರ್, ಒಂದು ಲೀನಿಯರ್ ರಿಗ್ರೆಷನ್. 1994ರ ಹೊತ್ತಿಗೆ ಪುಣೆಯ ಐಯುಕಾದಲ್ಲಿ ಗುಲಾಟಿ, ರಂಜನ್ ಗುಪ್ತ ಮತ್ತು ಜೊತೆಗಾರರು ನ್ಯೂರಲ್ ನೆಟ್‌ವರ್ಕ್ ಹಚ್ಚಿ ನಕ್ಷತ್ರಗಳ ರೋಹಿತವನ್ನು ವಿಂಗಡಿಸಿದ್ದರು. ಆಗ ನಮ್ಮಲ್ಲಿ ಎಷ್ಟೋ ಜನ ಹುಟ್ಟೂ ಇರಲಿಲ್ಲ.

ಈಗಿನದ್ದು ಅದೇ ಕೆಲಸದ ದೊಡ್ಡ ರೂಪ. ರೋಹಿತವೂ ಇರುವ, ಫೋಟೋವೂ ಇರುವ ಕೆಲವು ಲಕ್ಷ ನಕ್ಷತ್ರಗಳನ್ನು ಆರಿಸಿಕೊಳ್ಳೋದು. ರೋಹಿತದಿಂದ ಸಿಕ್ಕ ಬಿಸಿ, ಮೇಲ್ಮೈ ಗುರುತ್ವ, ಲೋಹಾಂಶ ಇವು ಲೇಬಲ್‌ಗಳು. ಬಣ್ಣಗಳು ಫೀಚರ್‌ಗಳು. ಎರಡರ ನಂಟನ್ನು ಕಂಪ್ಯೂಟರ್ ಕಲಿತ ಮೇಲೆ, ಬರೀ ಫೋಟೋ ಇರುವ ಕೋಟ್ಯಂತರ ನಕ್ಷತ್ರಗಳಿಗೆ ಅದನ್ನು ಅನ್ವಯಿಸೋದು.

ಲೋಹಾಂಶ ಅಂದ ಕೂಡಲೆ ಒಂದು ಮಾತು. ಖಗೋಳದವರ ಲೆಕ್ಕದಲ್ಲಿ ಹೈಡ್ರೋಜನ್, ಹೀಲಿಯಂ ಬಿಟ್ಟು ಮಿಕ್ಕಿದ್ದೆಲ್ಲ 'ಲೋಹ'. ನಾವು ಉಸಿರಾಡೋ ಆಕ್ಸಿಜನ್ ಕೂಡ! ಬಣ್ಣದಿಂದ ಲೋಹಾಂಶ ತಿಳಿಯೋದು ಹೇಗೆ ಅಂದ್ರೆ, ಕಬ್ಬಿಣದಂಥ ಧಾತುಗಳ ಗೆರೆಗಳು ನೀಲಿ ಮತ್ತು ನೇರಳಾತೀತ ಭಾಗದಲ್ಲಿ ಒತ್ತೊತ್ತಾಗಿವೆ. ಲೋಹ ಹೆಚ್ಚಿದ್ದರೆ ಅಲ್ಲಿನ ಬೆಳಕನ್ನು ಅವು ನುಂಗಿಬಿಡುತ್ತವೆ. ಲೋಹ ಕಡಿಮೆಯಿದ್ದರೆ ಅಲ್ಲಿ ತುಸು ಹೆಚ್ಚು ಬೆಳಕು ಉಳಿಯುತ್ತೆ. ಆ 'ತುಸು' ಎಷ್ಟು ಅನ್ನೋದರಲ್ಲಿ ಎಲ್ಲ ಅಡಗಿದೆ.

2023ರಲ್ಲಿ ರೆನೆ ಆಂಡ್ರೆ, ವೇದಾಂತ್ ಚಂದ್ರ, ಹಾನ್ಸ್‌ವಾಲ್ಟರ್ ರಿಕ್ಸ್ ಈ ಮೂವರು ಗಯಾದ ದತ್ತಾಂಶದಿಂದ ಸುಮಾರು 17.5 ಕೋಟಿ ನಕ್ಷತ್ರಗಳ ಜಾತಕ ಹೊರತಂದರು. ಗಯಾ ಕೊಡೋದು ಪೂರಾ ರೋಹಿತಕ್ಕೂ ಬರೀ ಫೋಟೋಗೂ ನಡುವಿನ ಒಂದು ಮಂದವಾದ ಬಣ್ಣದ ಪಟ್ಟಿ. ಅವರು ಬಳಸಿದ ಸಾಧನ ಎಕ್ಸ್‌ಜಿಬೂಸ್ಟ್. ಹೌದು, ಸಾಲ ಕೊಡಬೇಕೋ ಬೇಡವೋ, ಗ್ರಾಹಕ ಆ್ಯಪ್ ಬಿಟ್ಟು ಹೋಗ್ತಾನೋ ಇಲ್ಲವೋ ಅಂತ ನೋಡೋಕೆ ನಾವು ಬಳಸೋ ಅದೇ ಎಕ್ಸ್‌ಜಿಬೂಸ್ಟ್. "ನೀಲಿ ಇಷ್ಟಕ್ಕಿಂತ ಹೆಚ್ಚಾ? ಹಾಗಾದರೆ ಕೆಂಪು ಇಷ್ಟಕ್ಕಿಂತ ಕಡಿಮೆಯಾ?" ಅಂತ ಕೇಳ್ತಾ ಹೋಗೋ ಮರಗಳು. ಹಿಂದಿನ ಮರ ಉಳಿಸಿದ ತಪ್ಪನ್ನು ಮುಂದಿನ ಮರ ತಿದ್ದುತ್ತೆ. ಬಿಸಿಯ ಅಂದಾಜು ಸರಾಸರಿ 50 ಕೆಲ್ವಿನ್ ಆಚೀಚೆಗೆ ಸರಿಹೋಯ್ತು. ಸಾವಿರಾರು ಡಿಗ್ರಿಯ ಲೆಕ್ಕದಲ್ಲಿ ಇದು ಸಣ್ಣ ಸಾಧನೆಯಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಎಐ ಎಲ್ಲ ಮಾಡುತ್ತೆ ಅನ್ನೋ ಇನ್ನೊಂದು ಲೇಖನ ಆಗ್ತಿತ್ತು. ನನಗೆ ಹೇಳಬೇಕಿರೋದು ಇದರ ಮುಂದಿನ ಭಾಗ.

ಟಿನ್ ಫ್ಯಾಕ್ಟರಿಯ ಸೂರ್ಯ

ಸಂಜೆ ಟಿನ್ ಫ್ಯಾಕ್ಟರಿ ಕಡೆ ನಿಂತು ಪಶ್ಚಿಮಕ್ಕೆ ನೋಡಿ. ಧೂಳು, ಹೊಗೆ ಎಲ್ಲದರ ಆಚೆ ಸೂರ್ಯ ಕುಂಕುಮದ ಉಂಡೆ ಹಾಗಿರ್ತಾನೆ. ಹಾಗಂತ ಸೂರ್ಯ ತಣ್ಣಗಾದ ಅಂತ ಯಾರೂ ಹೇಳಲ್ಲ. ನಡುವಿನ ಗಾಳಿ, ಧೂಳು ನೀಲಿಯನ್ನು ಚದುರಿಸಿ ಕೆಂಪನ್ನು ಬಿಟ್ಟಿದೆ ಅಷ್ಟೆ. ಆಕಾಶಗಂಗೆಯ ತುಂಬ ಇಂಥ ಧೂಳಿದೆ. ಹಾಗಾದರೆ ಫೋಟೋದಲ್ಲಿ ಕೆಂಪಗೆ ಕಂಡ ನಕ್ಷತ್ರ ನಿಜಕ್ಕೂ ತಂಪೋ, ಅಥವಾ ಬಿಸಿಯಾಗಿದ್ದು ಧೂಳಿನ ಹಿಂದಿದೆಯೋ? ಕೆಲವೇ ಫಿಲ್ಟರ್‌ಗಳ ಅಂಕಿ ಮಾತ್ರ ಕೊಟ್ಟರೆ ಎಂಥ ಜಾಣ ಮಾಡೆಲ್‌ಗೂ ಇದನ್ನು ಬಿಡಿಸೋದು ಕಷ್ಟ. ಎರಡಕ್ಕೂ ಅಂಕಿ ಹೆಚ್ಚೂ ಕಡಿಮೆ ಒಂದೇ.

ಆರಿದ್ರಾ ನಮಗೆ ಇದನ್ನು ಕಣ್ಣೆದುರೇ ತೋರಿಸಿತು. 2019ರ ಕೊನೆಯಿಂದ ಅದು ಮಂಕಾಗ್ತಾ ಬಂದು, 2020ರ ಫೆಬ್ರವರಿ ಹೊತ್ತಿಗೆ ಎಂದಿನ ಹೊಳಪಿನ ಅರ್ಧಕ್ಕಿಂತ ಕೆಳಗಿಳಿಯಿತು. ಸಿಡಿದೇ ಹೋಗುತ್ತೆ ಅಂತ ಜಗತ್ತೆಲ್ಲ ಮಾತಾಡಿತು. ನಕ್ಷತ್ರ ತಣ್ಣಗಾಯ್ತಾ, ಧೂಳು ಅಡ್ಡ ಬಂತಾ? ಎಮಿಲಿ ಲೆವೆಸ್ಕ್, ಫಿಲಿಪ್ ಮ್ಯಾಸ್ಸಿ ಅದರ ರೋಹಿತ ತೆಗೆದು ನೋಡಿದರು: 2004ರಲ್ಲಿ 3,650 ಕೆಲ್ವಿನ್ ಇದ್ದದ್ದು ಈಗ 3,600. ಅಷ್ಟು ಮಂಕಾಗೋಕೆ 50 ಡಿಗ್ರಿ ಸಾಲದು. ಅನುಮಾನ ಧೂಳಿನ ಕಡೆ ತಿರುಗಿತು. 2021ರಲ್ಲಿ ಬೇರೊಂದು ತಂಡ ಹತ್ತಿರದ ಚಿತ್ರಗಳನ್ನು ಇಟ್ಟು, ನಕ್ಷತ್ರದ ಒಂದು ಭಾಗ ತಂಪಾಗಿ ಅದರ ಮುಂದೆ ಧೂಳಿನ ಮೋಡ ಕಟ್ಟಿತ್ತು ಅಂತ ತೋರಿಸಿತು. ಬಣ್ಣ ಎಬ್ಬಿಸಿದ ಪ್ರಶ್ನೆಗೆ ಉತ್ತರ ಬಂದದ್ದು ರೋಹಿತ ಮತ್ತು ಹತ್ತಿರದ ಚಿತ್ರಗಳಿಂದ.

ಒಂದೇ ಚುಕ್ಕಿ, ಇಬ್ಬರು

ಇನ್ನೊಂದು ತೊಡಕು ಜೋಡಿಗಳದ್ದು. ಚಿತ್ತಾ ಬರಿಗಣ್ಣಿಗೆ ಒಂದೇ. ನಿಜಕ್ಕೂ ಅದು ನಾಲ್ಕು ದಿನಕ್ಕೊಮ್ಮೆ ಒಂದನ್ನೊಂದು ಸುತ್ತುವ ಎರಡು ಬಿಸಿ ನಕ್ಷತ್ರ. ಒಂಟಿ ನಕ್ಷತ್ರ ಅಂತ ಭಾವಿಸಿ ಲೆಕ್ಕ ಹಾಕುವ ಮಾಡೆಲ್ ಇಂಥ ಕಡೆ ಇಬ್ಬರ ಸಂಬಳ ಕೂಡಿಸಿ ಒಬ್ಬರದ್ದು ಅಂತ ಬರೆದ ಹಾಗೆ ಮಾಡುತ್ತೆ.

ಇದಕ್ಕೆ ಹೊಸಕೋಟೆಯದ್ದೇ ಉದಾಹರಣೆ ಇದೆ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್‌ನಲ್ಲಿ 'ಯುವಿಟ್' ಅನ್ನೋ ನೇರಳಾತೀತ ದೂರದರ್ಶಕ ಇದೆ. 38 ಸೆಂಟಿಮೀಟರ್‌ನ ಅವಳಿ ದೂರದರ್ಶಕಗಳು. ಅದನ್ನು ಜೋಡಿಸಿ ಪರೀಕ್ಷಿಸಿದ್ದು ಕ್ರೆಸ್ಟ್‌ನ ಎಂ.ಜಿ.ಕೆ. ಮೆನನ್ ಪ್ರಯೋಗಾಲಯದಲ್ಲಿ. ಅದು ಎನ್‌ಜಿಸಿ 188 ಅನ್ನೋ ಹಳೆಯ ತಾರಾಗುಚ್ಛದ ಫೋಟೋ ತೆಗೆಯಿತು. ಅಲ್ಲೊಂದು ವಿಚಿತ್ರ ನಕ್ಷತ್ರ: ಜೊತೆಯವರಿಗೆಲ್ಲ ವಯಸ್ಸಾದರೂ ತಾನು ಮಾತ್ರ ಎಳೆಯದಾಗಿ ಕಾಣುವ ಜಾತಿಯದ್ದು. ಸಾಮಾನ್ಯ ಬೆಳಕಿನಲ್ಲಿ ಸುಮಾರು 6,000 ಕೆಲ್ವಿನ್‌ನ ನಕ್ಷತ್ರ. ನೇರಳಾತೀತದಲ್ಲಿ ನೋಡಿದರೆ ಅಲ್ಲಿರಬಾರದಷ್ಟು ಬೆಳಕು. ಐಐಎಯ ಅನ್ನಪೂರ್ಣಿ ಸುಬ್ರಮಣ್ಯಂ ಮತ್ತು ತಂಡ 2016ರಲ್ಲಿ ಇದರ ಗುಟ್ಟು ಬಿಡಿಸಿತು. ಪಕ್ಕದಲ್ಲಿ ಸುಮಾರು 17,000 ಕೆಲ್ವಿನ್‌ನ ಬಿಸಿ ಜೊತೆಗಾರ ಅಡಗಿತ್ತು. ತನ್ನ ದ್ರವ್ಯ ಕೊಟ್ಟು ಇದನ್ನು ಎಳೆಯದು ಮಾಡಿದ್ದೇ ಅದು ಅನ್ನೋದು ವಿವರಣೆ.

ಗಮನಿಸಿ, ಇದೂ ಫೋಟೋಮೆಟ್ರಿಯೇ. ಇಲ್ಲಿ ಉಪಯೋಗಕ್ಕೆ ಬಂದದ್ದು ಇನ್ನೂ ದೊಡ್ಡ ಮಾಡೆಲ್ ಅಲ್ಲ, ಹಿಂದೆ ಇಲ್ಲದಿದ್ದ ಒಂದು ಹೊಸ ಕಾಲಂ. ಡೇಟಾ ಟೀಮಿನವರಿಗೆ ಇದರ ಬೆಲೆ ಗೊತ್ತು.

ಬಡ ನಕ್ಷತ್ರಗಳು ಲೆಕ್ಕಕ್ಕೇ ಸಿಗೋದಿಲ್ಲ

ಮೂರನೆಯದ್ದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ಬೆಂಗಳೂರಿನ ಮನೆ ಬಾಡಿಗೆ ಅಂದಾಜು ಮಾಡೋ ಒಂದು ಮಾಡೆಲ್ ಕಟ್ಟಿದ್ದೀರಿ ಅಂತಿಟ್ಕೊಳ್ಳಿ. ಕಲಿಸಿದ್ದು ಆ್ಯಪ್‌ನಲ್ಲಿ ಸಿಕ್ಕ ಇಂದಿರಾನಗರದ ಫ್ಲ್ಯಾಟ್‌ಗಳಿಂದ. ಈಗ ಅದನ್ನು ಹಲಸೂರಿನ ಒಂದು ವಠಾರದ ಮನೆಗೋ, ಶಿವಾಜಿನಗರದ ಗಲ್ಲಿಯಲ್ಲಿ ಭೋಗ್ಯಕ್ಕೆ ಕೊಟ್ಟ ಮನೆಗೋ ಕೇಳಿ. 'ನನಗೆ ಗೊತ್ತಿಲ್ಲ' ಅಂತ ಅದು ಯಾವತ್ತೂ ಹೇಳಲ್ಲ. ತಾನು ಕಂಡ ಅತಿ ಅಗ್ಗದ ಫ್ಲ್ಯಾಟಿನ ಬಾಡಿಗೆ ಹತ್ತಿರದ ಒಂದು ಅಂಕಿ ಹೇಳಿ ಸುಮ್ಮನಾಗುತ್ತೆ. ಮರಗಳಿಂದ ಕಟ್ಟಿದ ಮಾಡೆಲ್‌ನ ಗುಣವೇ ಅದು. ಕಲಿತ ಪಾಠದ ಗಡಿಯಾಚೆ ಅದು ಕಾಲಿಡಲ್ಲ.

ಆಕಾಶದಲ್ಲಿ ಆ ವಠಾರದ ಮನೆಗಳೇ ಲೋಹ ಕಡಿಮೆ ಇರುವ ನಕ್ಷತ್ರಗಳು. ವಿಶ್ವ ಎಳೆಯದಿದ್ದಾಗ ಲೋಹಗಳೇ ಇರಲಿಲ್ಲ. ಅವೆಲ್ಲ ನಕ್ಷತ್ರಗಳ ಒಡಲಲ್ಲಿ ಬೆಂದು ಆಮೇಲೆ ಬಂದವು. ಸೂರ್ಯನ ನೂರರಲ್ಲಿ ಒಂದು ಪಾಲೂ ಲೋಹ ಇಲ್ಲದ ನಕ್ಷತ್ರ ಸಿಕ್ಕಿತು ಅಂದರೆ ಅದು ಬಹಳ ಹಳೆಯ ಕಾಲದ್ದು, ಮೊದಲ ತಲೆಮಾರಿನ ನಕ್ಷತ್ರಗಳ ಸುದ್ದಿ ಹೊತ್ತಿದೆ. ವಿಜ್ಞಾನಿಗಳಿಗೆ ಬೇಕಾಗಿರೋದೇ ಅಂಥವು. ಆದರೆ ಅವು ತುಂಬಾ ಅಪರೂಪ, ಅಪೋಜಿಯ ಪಟ್ಟಿಯಲ್ಲಿ ಅತಿ ಬಡ ನಕ್ಷತ್ರಗಳಿಗೆ ಸರಿಯಾದ ಲೇಬಲ್ ಸಿಗೋದೇ ಕಷ್ಟ. ಅದಕ್ಕೇ 2023ರ ಆ ತಂಡ ಬೇರೆ ಕಡೆ ರೋಹಿತದಿಂದ ಒಂದೊಂದಾಗಿ ಅಳೆದಿದ್ದ ಲೋಹಬಡ ನಕ್ಷತ್ರಗಳನ್ನು ತಂದು ಪಾಠಕ್ಕೆ ಸೇರಿಸಿತು. ಆ ಸಣ್ಣ ಗುಂಪು ಸೇರದಿದ್ದರೆ 17.5 ಕೋಟಿಯಲ್ಲಿ ಅಡಗಿದ್ದ ಅತಿ ಹಳೆಯ ನಕ್ಷತ್ರಗಳಿಗೂ ಮಾಡೆಲ್ 'ಸ್ವಲ್ಪ ಬಡ' ಅಂತ ಚೀಟಿ ಅಂಟಿಸಿಬಿಡ್ತಿತ್ತು.

ಅಂಥ ಲೇಬಲ್ ತಯಾರಾಗೋ ಜಾಗಗಳಲ್ಲಿ ಹಾನ್ಲೆಯೂ ಒಂದು. ಅಲ್ಲಿನ ಬೌದ್ಧ ಮಠ, ಅಂದರೆ ಗೊಂಪಾ, ಹೆಸರುವಾಸಿ. ಐಐಎಯವರು ಲೋಹಬಡ ನಕ್ಷತ್ರಗಳ ತಮ್ಮ ಸಮೀಕ್ಷೆಗೆ ಇಟ್ಟ ಹೆಸರೂ 'ಹೆಸ್ಪ್ ಗೊಂಪಾ'. ದೊಡ್ಡ ಸಮೀಕ್ಷೆಗಳ ಮಂದ ರೋಹಿತದಲ್ಲಿ ಬಡತನದ ಸುಳಿವು ಕೊಟ್ಟ ನಕ್ಷತ್ರಗಳನ್ನು ಆರಿಸಿ, ಹೆಸ್ಪ್‌ನಿಂದ ನುಣ್ಣನೆ ರೋಹಿತ ತೆಗೆದು, ಯಾವ ಧಾತು ಎಷ್ಟಿದೆ ಅಂತ ಒಂದೊಂದಾಗಿ ಅಳೆಯೋದು. ಒಂದು ರಾತ್ರಿಗೆ ಬೆರಳೆಣಿಕೆಯಷ್ಟು. ಆ ಕಡೆ ಕಂಪ್ಯೂಟರ್ ಒಂದೇ ದಮ್ಮಿಗೆ ಕೋಟಿಗಟ್ಟಲೆ ಜಾತಕ ಬರೆದರೂ, ಅದರ ಬುಡದಲ್ಲಿ ಹೊಸಕೋಟೆಯಂಥ ಕಡೆಯ ನಿದ್ದೆಗೆಟ್ಟ ರಾತ್ರಿಗಳಿವೆ.

ಮನುಷ್ಯರದ್ದೂ ಇದೇ ಕಥೆ

ಮಾಡೆಲ್ ಒಂದನ್ನೇ ಬೈದು ಪ್ರಯೋಜನವಿಲ್ಲ. 1925ರಲ್ಲಿ ಸಿಸಿಲಿಯಾ ಪೇನ್ ಅನ್ನೋ ಯುವತಿ ಸಹಾ ಸಮೀಕರಣ ಹಿಡಿದು ನಕ್ಷತ್ರಗಳ ರೋಹಿತ ಓದಿ, ಅವುಗಳಲ್ಲಿ ಹೈಡ್ರೋಜನ್ನೇ ಎಲ್ಲಕ್ಕಿಂತ ಹೆಚ್ಚು, ಬಹಳ ಹೆಚ್ಚು ಅಂತ ಕಂಡುಕೊಂಡರು. ಆಗಿನ ದೊಡ್ಡವರಿಗೆ ಗೊತ್ತಿದ್ದದ್ದು ಭೂಮಿಯ ಕಲ್ಲುಮಣ್ಣು. ನಕ್ಷತ್ರವೂ ಭೂಮಿಯ ಹಾಗೇ ಇರುತ್ತೆ ಅನ್ನೋದು ಅವರ ಟ್ರೇನಿಂಗ್ ಡೇಟಾ. ಹೆನ್ರಿ ನಾರಿಸ್ ರಸೆಲ್ ಇದು ಸಾಧ್ಯವೇ ಇಲ್ಲ ಅಂದರು. ಪೇನ್ ತಮ್ಮ ಪ್ರಬಂಧದಲ್ಲೇ ಈ ಫಲಿತಾಂಶ ನಿಜವಿರಲಾರದು ಅಂತ ಬರೆಯಬೇಕಾಯ್ತು. ನಾಲ್ಕು ವರ್ಷ ಕಳೆದು 1929ರಲ್ಲಿ ರಸೆಲ್ ಅವರೇ ಬೇರೆ ದಾರಿಯಿಂದ ಅದೇ ತೀರ್ಮಾನಕ್ಕೆ ಬಂದರು. ಹೊಸ ಸತ್ಯವನ್ನು ಹಳೆಯ ಸರಾಸರಿಗೆ ಎಳೆದು ಕೂರಿಸೋ ಚಾಳಿ ಎಕ್ಸ್‌ಜಿಬೂಸ್ಟ್‌ಗಿಂತ ಹಳೆಯದು.

ಒಳ್ಳೆಯ ಸುದ್ದಿ ಅಂದ್ರೆ, ಈ ಕ್ಷೇತ್ರದವರು ಇದನ್ನು ಮುಚ್ಚಿಡಲ್ಲ. 2022ರಲ್ಲಿ ಗಯಾ ತಂಡ ಸುಮಾರು 47 ಕೋಟಿ ನಕ್ಷತ್ರಗಳ ಜಾತಕ ಕೊಟ್ಟಾಗ, ಅದರಲ್ಲಿನ ಲೋಹಾಂಶದ ಅಂಕಿಗಳನ್ನು ಹಾಗೇ ನಂಬಬೇಡಿ, ತಿದ್ದಿಕೊಂಡು ಬಳಸಿ ಅಂತ ತಾನೇ ಬರೆದಿತ್ತು. ಆ ಲೆಕ್ಕದ ಮುಂದಾಳಾಗಿದ್ದ ಆಂಡ್ರೆಯೇ ಮರುವರ್ಷ ಎಕ್ಸ್‌ಜಿಬೂಸ್ಟ್ ಹಿಡಿದು ಸುಧಾರಿಸಿದ ಪಟ್ಟಿ ತಂದದ್ದು. ಅಂಕಿಯ ಪಕ್ಕದಲ್ಲಿ 'ಇಷ್ಟು ಹೆಚ್ಚುಕಡಿಮೆ ಇರಬಹುದು' ಅನ್ನೋ ಕಾಲಂ ಇಲ್ಲದ ಪಟ್ಟಿಗೆ ಅಲ್ಲಿ ಮರ್ಯಾದೆ ಇಲ್ಲ.

ನಮ್ಮ ಆಫೀಸುಗಳ ಡ್ಯಾಶ್‌ಬೋರ್ಡ್‌ನಲ್ಲಿ ಆ ಕಾಲಂ ಎಷ್ಟು ಸಲ ನೋಡಿದ್ದೀರಿ? ಸಾಲಕ್ಕೆ ಅರ್ಜಿ ಹಾಕಿದ ಶಿವಾಜಿನಗರದ ಗುಜರಿ ಅಂಗಡಿಯವನಿಗೆ, ಸಂಬಳದ ಸ್ಲಿಪ್ ಇಲ್ಲದ ಕೆ.ಆರ್. ಪುರದ ಟೈಲರ್ ಅಕ್ಕನಿಗೆ ಮಾಡೆಲ್ ಒಂದೇ ಒಂದು ಅಂಕಿ ಕೊಡುತ್ತೆ. ಅವರಂಥವರು ಪಾಠದಲ್ಲಿದ್ದರಾ ಅಂತ ಯಾರೂ ಕೇಳಲ್ಲ. ನಕ್ಷತ್ರಕ್ಕೆ ತಪ್ಪು ಜಾತಕ ಬರೆದರೆ ಅದಕ್ಕೇನೂ ಆಗಲ್ಲ, ಮೊದಲಿನ ಹಾಗೇ ಉರೀತಾ ಇರುತ್ತೆ. ಇವರಿಗೆ ಹಾಗಲ್ಲ.

ಕೈಯಾರೆ ಮಾಡಿ ನೋಡಬೇಕು ಅನ್ನಿಸಿದರೆ ಗಯಾದ ದತ್ತಾಂಶ ಪೂರ್ತಿ ಉಚಿತ. ಒಂದು ಶನಿವಾರ, ಲ್ಯಾಪ್‌ಟಾಪ್, ಪೈಥಾನ್ ಸಾಕು. ಅಪೋಜಿಯ ಲೇಬಲ್ ಜೋಡಿಸಿ ಒಂದು ಮಾಡೆಲ್ ಕಟ್ಟಿ. ಆಮೇಲೆ ಲೋಹಬಡ ನಕ್ಷತ್ರಗಳನ್ನು ಪಾಠದಿಂದ ತೆಗೆದು ಮತ್ತೊಮ್ಮೆ ಕಟ್ಟಿ, ಅವಕ್ಕೇ ಏನು ಅಂಕಿ ಬರುತ್ತೆ ನೋಡಿ. ಒಟ್ಟು ಸ್ಕೋರ್ ಹೆಚ್ಚೇನೂ ಇಳಿದಿರಲ್ಲ, ಅವು ಇರೋದೇ ಅಷ್ಟು ಕಡಿಮೆ. ಆ ನಾಲ್ಕು ಸಾಲುಗಳಲ್ಲಿ ಮಾತ್ರ ಲೆಕ್ಕ ಪೂರಾ ತಪ್ಪಿರುತ್ತೆ. ಸೋಮವಾರ ಆಫೀಸಿಗೆ ಹೋದಾಗ ನಿಮ್ಮ ಮಾಡೆಲ್‌ನ ಆ ನಾಲ್ಕು ಸಾಲು ಯಾವುವು ಅಂತ ಹುಡುಕಿ.